ಎರಡಿಂಚು ಕಮ್ಮಿ

ನನ್ನ ಗಂಡ ದರ್ಜಿ. ದಿನವಿಡೀ ಮೆಷಿನ್ ಮುಂದೆ ಕೂತು ಕೂತು ಬೆನ್ನೂ ಬಾಗಿದೆ, ಹೊಟ್ಟೆಯೂ ಬಂದಿದೆ. ಗಿರಾಕಿಗಳ ಸೊಂಟ ಅಳೆದಾಗ ಬಾಯಲ್ಲಿ ಎರಡಿಂಚು ಕಮ್ಮಿ ಹೇಳಿ, ಬಟ್ಟೆಯನ್ನು ಮಾತ್ರ ಸರಿಯಾಗಿ ಕತ್ತರಿಸುತ್ತಾರೆ. ಯಾರ ಮನಸ್ಸೂ ನೋಯಬಾರದಂತೆ!

ಇವತ್ತು ಆಸ್ಪತ್ರೆಯಲ್ಲಿ ಇವರಿಗೆ ಸಕ್ಕರೆ, ಬಿಪಿ ಎರಡೂ ಜಾಸ್ತಿ ಬಂತು. "ಸೊಂಟದ ಸುತ್ತಳತೆಯನ್ನೂ ನೋಡಬೇಕು, ಹೃದಯಕ್ಕೆ ಅದೂ ಅಪಾಯವೇ" ಎಂದರು ಡಾಕ್ಟರಮ್ಮ. ಇವರು ಕೊರಳಲ್ಲಿದ್ದ ಟೇಪನ್ನೇ ಸೊಂಟಕ್ಕೆ ಸುತ್ತಿಕೊಂಡು ಅಳತೆ ಕೂಗಿದರು. ಟೇಪು ನನ್ನ ಕಣ್ಣೆದುರೇ ಇತ್ತು.

"ರೀ, ಇಲ್ಲೂ ಎರಡಿಂಚು ನುಂಗಿದ್ರಾ? ಡಾಕ್ಟರ್ ಹತ್ರ ಪ್ಯಾಂಟ್ ಹೊಲಿಸೋಕೆ ಬಂದಿದ್ದೀರಾ?" ಎಂದು ರೇಗಿದೆ.

ಇವರು ಸುಸ್ತಾಗಿ ಕುರ್ಚಿಗೆ ಒರಗಿದರು.

"ಊರಿಗೆಲ್ಲ ನಾನು ಕಮ್ಮಿ ಹೇಳ್ದೆ ಕಣೆ. ನನಗೆ ಕಮ್ಮಿ ಹೇಳೋರು ಯಾರಿದಾರೆ?"