ಹೊರಗೆ ಕೇಳಿಸದ ಹಾಡು

ಎಂಬತ್ತರ ದಶಕದಲ್ಲಿ ಕುದ್ರೋಳಿಯ ನಮ್ಮ ಪಕ್ಕದ ಮನೆಯಲ್ಲಿ ಸಂಗೀತದ ಟೀಚರ್ ಒಬ್ಬರಿದ್ದರು. ಗಂಡನಿಗೆ ಹೃದಯದ ಕಾಯಿಲೆಯಾಗಿ, ಮನೆಯಲ್ಲಿ ಸದ್ದು ಕೂಡದೆಂದು ಡಾಕ್ಟರು ಹೇಳಿದ ಮೇಲೆ ಅವರ ಟೇಪ್‌ರೆಕಾರ್ಡರ್ ಸುಮ್ಮನಾಯಿತು. ಕೊನೆಗೊಂದು ದಿನ ನನ್ನನ್ನು ಕರೆದುಕೊಂಡು ಹೆಡ್‌ಫೋನ್ ಕೊಳ್ಳಲು ಹೊರಟರು.

ಅಂಗಡಿಯಲ್ಲಿ ಕನ್ನಡಕದ ಮೇಲೆಯೇ ಒಂದೊಂದನ್ನೂ ಹಾಕಿಕೊಂಡು, ಕಣ್ಣು ಮುಚ್ಚಿ ತುಂಬ ಹೊತ್ತು ಕೂತರು. ಕಿವಿ ಒತ್ತಿದ್ದನ್ನೂ ಸ್ವರ ಮಂಕಾಗಿಸಿದ್ದನ್ನೂ ಬದಿಗಿಟ್ಟರು.

"ಎಂತ ಟೀಚರೇ, ಇನ್ನೂ ಆಗ್ಲಿಲ್ವಾ?" ಎಂದ ಅಂಗಡಿಯವನು.

"ಅವಸರ ನಿಮ್ಮದು ಮಾರಾಯ್ರೇ, ಕಿವಿ ನನ್ನದು."

ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತನೆಯದೊಂದನ್ನು ಹಾಕಿಕೊಂಡು, ಸದ್ದು ಏರಿಸಿ ನನ್ನನ್ನು ಕೇಳಿದರು: "ಹೊರಗೆ ಎಂತಾದ್ರೂ ಕೇಳ್ತದಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದ್ರೆ ಇದೇ."

ಆ ಸಂಜೆ ಅವರ ಮನೆಗೆ ಹೋದಾಗ ಗಂಡ ನೆಮ್ಮದಿಯಾಗಿ ನಿದ್ರಿಸುತ್ತಿದ್ದರು. ಮಂಚದ ಪಕ್ಕದಲ್ಲಿ ಕೂತಿದ್ದ ಟೀಚರ ಕೈ ಎಷ್ಟೋ ತಿಂಗಳ ಮೇಲೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು.