ಯಾವಾಗಲೂ ಮೂರನೆಯ ಉತ್ತರ

ಕಸ್ತೂರಿ ಕರುಳಿಲ್ಲದವಳು ಎಂಬುದು ನಮ್ಮ ವಾಟ್ಸಾಪ್ ಗುಂಪಿನ ಸರ್ವಾನುಮತದ ತೀರ್ಪು. ಸರ್ವಾನುಮತ ಎಂದರೆ ನನಗೆ ಮೊದಲಿನಿಂದಲೂ ಅನುಮಾನ. ಹತ್ತು ಮಂದಿ ಒಂದೇ ಮಾತು ಆಡುತ್ತಿದ್ದಾರೆ ಅಂದರೆ ಒಬ್ಬರು ನೋಡಿದ್ದಾರೆ, ಉಳಿದವರು ನಂಬಿದ್ದಾರೆ ಎಂದೇ ಲೆಕ್ಕ. ಇಲ್ಲಿ ಆ ಒಬ್ಬರೂ ಸರಿಯಾಗಿ ನೋಡಿರಲಿಲ್ಲ ಎಂಬುದು ನನ್ನ ವಾದ.

ವಾದ ಹೂಡುವ ಮೊದಲು, ಇದನ್ನು ಇವತ್ತೇ ಏಕೆ ಎತ್ತಿಕೊಂಡೆ ಎಂದು ಹೇಳಿಬಿಡುತ್ತೇನೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತಿದ್ದೆ, ಫೋನು ಗುಂಯ್ ಅಂದಿತು. ಮೊಣಕೈಯಿಂದ ಹತ್ತಿರ ಸರಿಸಿ ನೋಡಿದರೆ ಬೀಳಗಿಯ ಮಹಾದೇವಿಯ ವಾಯ್ಸ್ ಮೆಸೇಜು. ಗುಂಪಿನಲ್ಲಿ ಅವಳ ದನಿ ಕೇಳಿ ಎಷ್ಟೋ ತಿಂಗಳಾಗಿತ್ತು. ಹಿಟ್ಟಿನ ಬೆರಳಿನಿಂದಲೇ ಒತ್ತಿ ಕೇಳಿದೆ, ಮತ್ತೊಮ್ಮೆ ಕೇಳಿದೆ, ಅಷ್ಟರಲ್ಲಿ ತವೆಯ ಮೇಲಿನ ರೊಟ್ಟಿ ಕರಕಾಯಿತು. ಆ ಕಮಟು ವಾಸನೆ ಇನ್ನೂ ಮನೆಯಲ್ಲಿ ಆಡುತ್ತಿರುವಾಗಲೇ ಇದನ್ನು ಬರೆಯುತ್ತಿದ್ದೇನೆ, ಗುಂಪಿಗಲ್ಲ, ಹೊರಗಿನವರಾದ ನಿಮಗೆ. ಮಹಾದೇವಿ ಏನು ಹೇಳಿದಳು ಎಂಬುದಕ್ಕೆ ಆಮೇಲೆ ಬರುತ್ತೇನೆ. ಕಸ್ತೂರಿ ಯಾರೆಂದು ತಿಳಿಯದೆ ಕೇಳಿದರೆ ಅದು ನಿಮಗೆ ಬರೀ ಮನೆವಾರ್ತೆ ಅನ್ನಿಸೀತು.

ನಾವು ಹತ್ತು-ಹನ್ನೆರಡು ಹೆಂಗಸರು, ಒಂದು ಸರಕಾರಿ ನೌಕರಿಯ ಪರೀಕ್ಷೆಗೆ ಓದುವ ನೆಪದಲ್ಲಿ ಫೋನಿನಲ್ಲೇ ಒಟ್ಟಾದವರು. ಜಮಖಂಡಿಯಲ್ಲಿ ನಾನು, ಮುಧೋಳದಲ್ಲಿ ರೇಣುಕಾ, ಬೀಳಗಿಯಲ್ಲಿ ಮಹಾದೇವಿ, ಬನಹಟ್ಟಿಯಲ್ಲಿ ಕಸ್ತೂರಿ. ಉಳಿದವರೂ ಇದೇ ಸುತ್ತಿನವರು. ಬಸ್ಸು ಹತ್ತಿದರೆ ಮುಗಿಯುವ ದೂರ, ಆದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಪರೀಕ್ಷೆ ಮುಗಿಯಿತು. ಯಾರೂ ಪಾಸಾಗಲಿಲ್ಲ. ಗುಂಪನ್ನು ಮುಚ್ಚಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಸಂವಿಧಾನದ ಕಲಮುಗಳಿದ್ದ ಜಾಗಕ್ಕೆ ಅತ್ತೆಯ ಮೊಣಕಾಲು, ಮಗುವಿನ ಜ್ವರ, ನಳಕ್ಕೆ ಬಾರದ ನೀರು ಬಂದು ಕೂತವು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಹುಡುಗಿ. ‘ಮೊಬೈಲು ವರವೇ, ಶಾಪವೇ’ ಎಂಬ ವಿಷಯಕ್ಕೆ ಒಂದು ಊರಿನಲ್ಲಿ ವರವೆಂದು ವಾದಿಸಿ ಬಹುಮಾನದ ಕಪ್ಪು ತಂದವಳು, ಇನ್ನೊಂದು ಊರಿನಲ್ಲಿ ಶಾಪವೆಂದು ವಾದಿಸಿ ತಂದವಳು. ಎರಡೂ ಕಪ್ಪುಗಳಲ್ಲಿ ಅವ್ವ ಈಗ ಸಾಸಿವೆ, ಜೀರಿಗೆ ಹಾಕಿಟ್ಟಿದ್ದಾಳೆ. ಗುಂಪಿನಲ್ಲಿ ನನ್ನ ಹೆಸರು ವಕೀಲವ್ವ.

ಬರೆಯುವುದೆಂದರೆ ನಮ್ಮವರಿಗೆ ಬೇಸರ. ಪರೀಕ್ಷೆಯ ಕನ್ನಡ ಬೇರೆ, ಬಾಯಿಯ ಕನ್ನಡ ಬೇರೆ. ಬೆರಳಿಗೆ ಎರಡನೆಯದು ಬರುವುದಿಲ್ಲ. ಹೀಗಾಗಿ ಹೇಳುವುದೆಲ್ಲ ವಾಯ್ಸ್; ಬರೆದರೆ ಒಂದೆರಡು ಪದ, ಇಲ್ಲವೇ ಒಂದು ಚಿತ್ರ. ಅರಿವೆ ಅಂಗಡಿಯಲ್ಲಿ ಕೆಲಸ ಮಾಡುವ ರೇಣುಕಾಳ ಸಂಜೆಯ ವಾಯ್ಸ್ ಕೇಳದಿದ್ದರೆ ನಮಗೆ ಊಟ ಸೇರುತ್ತಿರಲಿಲ್ಲ: “ಯವ್ವಾ, ಇವತ್ತ ಒಬ್ಬಾಕಿ ಬಂದು ಅಂಗಡ್ಯಾಗಿನ ಸೀರಿ ಎಲ್ಲಾ ಬಿಚ್ಚಿಸಿ, ‘ಬಣ್ಣ ಛಲೋ ಇಲ್ಲರಿ, ನಾಳಿಗೆ ಬರ್ತೇನಿ’ ಅಂತ ಹೇಳಿ ಹೋದಳು. ಆಕಿ ನಾಳೆ ಬಂದ್ರ ನಾ ನೌಕರಿ ಬಿಡ್ತೇನಿ.”

ಕಸ್ತೂರಿ ಒಬ್ಬಳೇ ಎಲ್ಲವನ್ನೂ ಬರೆಯುವವಳು. ಚಿಕ್ಕ ಚಿಕ್ಕ, ತಿದ್ದಿದಂಥ ಸಾಲುಗಳು. ಮನೆಯಲ್ಲಿ ಗಂಡ-ಹೆಂಡತಿ ಸೇರಿ ಕೂಲಿಗೆ ಪವರ್‌ಲೂಮ್ ಮಗ್ಗ ನಡೆಸುತ್ತಾರೆಂದು ನಮಗೆ ಗೊತ್ತಿತ್ತು. “ನಿನಗ ಬಾಯಿ ಇಲ್ಲೇನ ಬೇ?” ಎಂದು ರೇಣುಕಾ ಕೆಣಕಿದರೆ, “ಮಗ್ಗದ ಸಪ್ಪಳದಾಗ ನಾ ಏನ್ ಅಂದ್ರ ನಿಮಗ ಏನ್ ಕೇಳಸ್ತೇತಿ?” ಎಂದು ಬರೆಯುತ್ತಿದ್ದಳು. ಒಪ್ಪುವ ಮಾತು, ಒಪ್ಪಿಕೊಂಡೆವು. ಓದುವ ಕಾಲದಲ್ಲಿ ನಮ್ಮೆಲ್ಲರಿಗಿಂತ ಚುರುಕಾದವಳು ಅವಳೇ. ಯಾರಾದರೂ ಪ್ರಶ್ನೆ ಬರೆದು ಹಾಕುವುದೇ ತಡ, ಉತ್ತರ ಬನಹಟ್ಟಿಯಿಂದ ಬಂದಿರುತ್ತಿತ್ತು.

ಆಮೇಲೆ ಆ ದಿನ ಬಂತು. ಮಹಾದೇವಿ ಎರಡನೆಯ ಸಲ ಬಸುರಿಯಾಗಿದ್ದಳು. ಬೆಳಿಗ್ಗೆ ‘ದವಾಖಾನಿಗೆ ಹೊಂಟೇನಿ’ ಎಂದಷ್ಟೇ ಬರೆದಳು. ಸಂಜೆ ಒಂದು ವಾಯ್ಸ್ ಕಳಿಸಿದಳು. ಅದರಲ್ಲಿ ಇದ್ದದ್ದು ಎರಡೇ ಮಾತು: “ಹೊಟ್ಟ್ಯಾಗಿನ ಕೂಸು ಉಳೀಲಿಲ್ಲವಾ. ನಮ್ಮ ಅತ್ತೀಗೆ ಇನ್ನೂ ಹೇಳಿಲ್ಲ, ನಿಮಗ ಹೇಳಾಕತ್ತೇನಿ.” ನಾವೆಲ್ಲ ಕೇಳಿದೆವು. ಯಾರಿಗೂ ಏನು ಬರೆಯಬೇಕೆಂದು ತಿಳಿಯಲಿಲ್ಲ. ಎರಡೂ ಕಡೆ ವಾದಿಸಬಲ್ಲ ನನಗೂ ತಿಳಿಯಲಿಲ್ಲ. ಗುಂಪು ಬಹಳ ಹೊತ್ತು ಸುಮ್ಮನಿತ್ತು. ಆ ಮೌನದ ನಡುವೆ ಕಸ್ತೂರಿಯ ಸಾಲು ಬಂದು ಬಿತ್ತು: “ಭಾಳ ಛಲೋ ಆತು ಮಹಾದೇವಿ. ದೇವರು ದೊಡ್ಡಾಂವ.” ಪಕ್ಕದಲ್ಲಿ ಎರಡು ಲಾಡು.

ಮುಂದಿನದನ್ನು ಹೇಳುವುದೇ ಬೇಡ. ರೇಣುಕಾ ವಾಯ್ಸಿನಲ್ಲಿ ಒದರಿದಳು: “ಕರುಳು ಅನ್ನೂದ ಇಲ್ಲೇನ ಈಕಿಗೆ? ಯಾವ ತಾಯಿ ಹಡದಾಳ ಬೇ ನಿನ್ನ?” ಒಬ್ಬರಾದ ಮೇಲೆ ಒಬ್ಬರು ಕಣ್ಣೀರಿನ ಚಿತ್ರಗಳನ್ನು ಹಾಕಿದರು. ಅವನ್ನು ಕಂಡ ಮೇಲೆ ಕಸ್ತೂರಿ ತನ್ನ ಸಾಲನ್ನು ಅಳಿಸಿ, “ತಪ್ಪಾತು, ಬ್ಯಾರೆ ಗ್ರೂಪಿಂದು ಇಲ್ಲೆ ಬಂತು” ಎಂದು ಬರೆದಳು. ಅದರಲ್ಲಿ ಮಹಾದೇವಿ ಎಂದು ಹೆಸರಿತ್ತಲ್ಲ, ಯಾರು ನಂಬುತ್ತಾರೆ? ಮಹಾದೇವಿ ಗುಂಪು ಬಿಡಲಿಲ್ಲ, ಜಗಳ ಆಡಲಿಲ್ಲ. ಮಾತು ಬಿಟ್ಟಳು, ಅಷ್ಟೆ. ನಾನು ಒಮ್ಮೆ ಫೋನು ಮಾಡಿದಾಗ ಅಂದಳು: “ನನಗ ಸಿಟ್ಟಿಲ್ಲ ವಕೀಲವ್ವ. ಹೇಳಾಕ ಅಂಜಿಕಿ ಬರತೈತಿ. ನಾ ಏನಾರ ಹೇಳೂದು, ಯಾರರ ಮತ್ತ ಛಲೋ ಆತು ಅನ್ನೂದು!”

ನನಗೆ ಆ ‘ಬೇರೆ ಗುಂಪು’ ಒಪ್ಪಿಗೆಯಾಗಲಿಲ್ಲ; ‘ಕರುಳಿಲ್ಲ’ವೂ ಒಪ್ಪಿಗೆಯಾಗಲಿಲ್ಲ. ಕರುಳಿಲ್ಲದವರು ಸುಮ್ಮನಿರುತ್ತಾರೆ, ಲಾಡು ಹಂಚುವುದಿಲ್ಲ. ಒಂದು ರವಿವಾರ ಕೂತು ಹಳೆಯ ಮಾತುಗಳನ್ನೆಲ್ಲ ಮೇಲಕ್ಕೆ ಸರಿಸುತ್ತ ಹೋದೆ. ಬರೆದ ಮಾತಿಗೆಲ್ಲ ಕಸ್ತೂರಿಯ ಉತ್ತರ ಮೊದಲನೆಯದು. ವಾಯ್ಸಿಗೆ ಮಾತ್ರ ಯಾವಾಗಲೂ ಮೂರನೆಯದು, ನಾಲ್ಕನೆಯದು. ಇಬ್ಬರು ನಕ್ಕರೆ ಅವಳೂ ನಗುತ್ತಾಳೆ, ಇಬ್ಬರು ಅಯ್ಯೋ ಅಂದರೆ ಅವಳೂ ಅಯ್ಯೋ ಅನ್ನುತ್ತಾಳೆ. ಅವಳು ಮೊದಲು ಉತ್ತರಿಸಿದ ವಾಯ್ಸು ಇಡೀ ಗುಂಪಿನಲ್ಲಿ ಒಂದೇ ಒಂದು. ಅದು ಯಾವುದೆಂದು ನಿಮಗೆ ಗೊತ್ತು.

ಚಿಕ್ಕಪ್ಪನ ಮಗಳ ಮದುವೆಗೆ ಸೀರೆ ತರಲು ರಬಕವಿಗೆ ಹೋದವಳು, ಅಲ್ಲಿಂದ ಬನಹಟ್ಟಿಗೆ ಹೋಗಿ ಅವಳ ಮನೆ ಹುಡುಕಿದೆ. ಪ್ರಶ್ನೆಯನ್ನು ಬಸ್ಸಿನಲ್ಲೇ ಮಸೆದು ಇಟ್ಟುಕೊಂಡಿದ್ದೆ. ಮಗ್ಗದ ಕೋಣೆಯ ಬಾಗಿಲಲ್ಲಿ ಕಾಲಿಟ್ಟದ್ದೇ ಅದು ಎಲ್ಲಿ ಹೋಯಿತೋ! ಆ ಖಟಖಟದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಗಂಟಲು ಹರಿಯುವ ಹಾಗೆ ಒದರಿ ನನ್ನ ಹೆಸರು ಹೇಳಿದೆ. ಫೋನಿನ ಮೂಲೆಯ ಬೊಟ್ಟಿನಷ್ಟು ಚಿತ್ರದಲ್ಲಿ ಮಾತ್ರ ಕಂಡಿದ್ದ ಹೆಂಗಸು ನಗುತ್ತ ಬಂದು ನನ್ನ ಕಿವಿಗೆ ಬಾಯಿ ಹಚ್ಚಿದಳು: “ಒದರಬ್ಯಾಡ ವಕೀಲವ್ವ. ತುಟಿ ಸಾವಕಾಶ ಅಲ್ಲಾಡಸು, ಸಾಕು.”

ಆ ಕೋಣೆಯಲ್ಲಿ ಅವಳಷ್ಟು ಮಾತುಗಾರ್ತಿ ಇನ್ನೊಬ್ಬರಿರಲಿಲ್ಲ. ಆಚೆ ತುದಿಯ ಮಗ್ಗದ ಹಿಂದಿನಿಂದ ಅವಳ ಮೈದುನನ ಹೆಂಡತಿ, ನೆಗೆಣ್ಣಿ, ಬರೀ ತುಟಿ ಆಡಿಸಿ ಏನೋ ಕೇಳಿದಳು, ಇವಳು ತುಟಿಯಲ್ಲೇ ಉತ್ತರ ಕೊಟ್ಟಳು, ಇಬ್ಬರೂ ನಕ್ಕರು. ಏನು ಎಂದು ನಾನು ಹುಬ್ಬು ಹಾರಿಸಿದೆ. “ಸರ್ವೇ ಮಾಡಾಕ ಬಂದಾಳೇನ ಅಂತ ಕೇಳಿದಳು. ಅಲ್ಲ, ವಕೀಲವ್ವ ಅಂದೆ. ನೋಡು, ಸೆರಗ ಸರಿಮಾಡಕೊಂಡಳು!” ಕಿವಿ ನೆಟ್ಟಗಿದ್ದ ನಾನೊಬ್ಬಳೇ ಅಲ್ಲಿ ಕಿವುಡಿ.

ಆಗ ಕರೆಂಟು ಹೋಯಿತು. ಮನೆಯದಷ್ಟೇ ಅಲ್ಲ, ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಹೊರಗೆ ಕಾಯಿಪಲ್ಲೆ ಮಾರುವವಳ ಕೂಗು, ಯಾರದೋ ಮನೆಯ ಕುಕ್ಕರಿನ ಸೀಟಿ ಕೇಳಿಸಿದವು. ಕಸ್ತೂರಿ ನನಗೆ ಬೆನ್ನು ಮಾಡಿ, ಬಗ್ಗಿ, ಹರಿದ ಎಳೆಗೆ ಗಂಟು ಹಾಕುತ್ತಿದ್ದಳು. ಇದೇ ಸಮಯ ಎಂದು ನನ್ನ ಪ್ರಶ್ನೆ ತೆಗೆದೆ: “ಮಹಾದೇವಿಗೆ ಯಾಕ ಹಂಗ ಬರದಿ, ಕಸ್ತೂರಿ?” ಅವಳು ತಿರುಗಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕೇಳಿದೆ. ಆಚೆ ತುದಿಯ ನೆಗೆಣ್ಣಿ ತಿರುಗಿ ನೋಡಿದಳು. ಕಸ್ತೂರಿ ಗಂಟು ಮುಗಿಸಿ, ತುದಿ ಕತ್ತರಿಸಿ, ಆಮೇಲೆ ಈಚೆ ಹೊರಳಿದಳು. ನನ್ನ ಮುಖ ಕಂಡು ಅವಳ ನಗು ನಿಂತಿತು. “ಏನಾರ ಅಂದ್ಯೇನ?”

ಒಳಗೆ ಚಹಾ ಕುಡಿಯುತ್ತ ಅವಳೇ ಹೇಳಿದಳು. “ಯಾವಾಗಿಂದ ಅಂತ ನನಗ ಗೊತ್ತಿಲ್ಲ. ಈ ಮನ್ಯಾಗ ಎಲ್ಲಾರೂ ಒದರೇ ಮಾತಾಡ್ತೇವಿ. ಯಾರ ಕಿವಿ ಯಾವಾಗ ಹೋತು ಅಂತ ಯಾರಿಗೆ ತಿಳೀಬೇಕು? ಮುಖ ಕಂಡ್ರ ನನಗ ಎಲ್ಲಾ ತಿಳೀತೈತಿ. ನಿಮ್ಮ ವಾಯ್ಸಿಗೆ ತುಟಿ ಎಲ್ಲಿ ಅದಾವ?”

“ಮತ್ತ ಆವತ್ತ?”

“ಎರಡ ಮಂದಿ ಏನಾರ ಬರೀಲಿ ಅಂತ ಕಾದೆ. ಯಾರೂ ಬರೀವಲ್ಲರು. ಮುಂಜಾನೆ ದವಾಖಾನಿಗೆ ಹೊಂಟೇನಿ ಅಂತ ಬರದಿದ್ದಳು, ಕೂಸು ಛಲೋ ಐತಿ ಅಂತ ಆಕಿ ಹೇಳಿರಬೇಕು, ಇಷ್ಟ ಮಂದ್ಯಾಗ ಯಾರೂ ಒಂದ ಮಾತ ಅನ್ನವಲ್ಲರಲ್ಲ, ಆಕಿ ಮನಸ್ಸಿಗೆ ಹೆಂಗ ಆಗಬ್ಯಾಡ ಅಂತ ನಾನ ಬರದೆ.” ಬಟ್ಟಲನ್ನು ಕೆಳಗಿಟ್ಟಳು. “ಲಾಡು ಬ್ಯಾರೆ ಹಾಕಿದೆ ನೋಡು.”

“ಇದನ್ನ ಆಕಿಗೆ ಹೇಳು. ಒಂದ ಸಾಲು.”

“ಒಲ್ಲೆ. ಅಲ್ಲೆ ಗ್ರೂಪಿನ್ಯಾಗ ನಾ ಶಾಣ್ಯಾಕಿ. ನಾಳಿಂದ ಎಲ್ಲಾರೂ ‘ಪಾಪ ಕಸ್ತೂರಿ’ ಅಂತಾರ. ಕರುಳಿಲ್ಲದಾಕಿ ಅನ್ನಲಿ, ತಡಕೋತೇನಿ. ಪಾಪ ಅನಸ್ಕೊಳ್ಳಾಕ ಆಗೂದಿಲ್ಲ. ನೀನೂ ಹೇಳಬ್ಯಾಡ, ನನ್ನ ಆಣಿ ಐತಿ.”

ಈ ವಾದಕ್ಕೆ ಪ್ರತಿವಾದ ನನ್ನಲ್ಲಿ ಇರಲಿಲ್ಲವೆಂದಲ್ಲ. ಬೀಳಗಿಯಲ್ಲಿ ಒಬ್ಬಳು ಮಾತು ಬಿಟ್ಟು ಕೂತಿದ್ದಾಳೆ, ನಿನ್ನ ಮರ್ಯಾದೆಯ ಬೆಲೆಯನ್ನು ಅವಳೇಕೆ ತೆರಬೇಕು ಎಂದು ಕೇಳಬಹುದಿತ್ತು. ನಿರ್ಣಾಯಕರು ಇದ್ದಿದ್ದರೆ ಕೇಳುತ್ತಲೂ ಇದ್ದೆ. ಆದರೆ ಪೂರ್ತಿ ಕೇಳುವ ಮೊದಲೇ ತುಟಿಯಿಂದ ಅಷ್ಟನ್ನೂ ಓದಿಬಿಡುವವಳು ಎದುರಿಗೆ ಕೂತಿದ್ದಳು. ತುಟಿಗೆ ಬಟ್ಟಲು ಅಡ್ಡ ಹಿಡಿದು ಚಹಾ ಮುಗಿಸಿದೆ.

ಅಂದಿನಿಂದ ನನ್ನದೊಂದು ಹೊಸ ಚಟ. ಯಾರ ವಾಯ್ಸು ಬಂದರೂ ಮೊದಲು ನಾನೇ ಉತ್ತರಿಸುತ್ತೇನೆ, ಬರೆದು, ಅವರು ಹೇಳಿದ್ದನ್ನೇ ತಿರುಗಿ ಹೇಳುತ್ತ: “ಅಯ್ಯ ರೇಣುಕಾ, ಮುಧೋಳದಾಗ ಇನ್ನೂ ನೀರು ಬಂದಿಲ್ಲೇನ? ಮಾಲಕ ಹಬ್ಬಕ್ಕ ರಜಾ ಕೊಡಲಿಲ್ಲೇನ?” ರೇಣುಕಾ ಬಿಡುತ್ತಾಳೆಯೇ? “ಈಗ ನಾ ಅದನ್ನ ಹೇಳಿದ್ನಲ್ಲ ಬೇ! ವಕೀಲವ್ವ ಗಿಳಿ ಆಗ್ಯಾಳ ನೋಡ್ರಿ.” ಎಲ್ಲರೂ ನಗುತ್ತಾರೆ. ಎರಡನೆಯ ಉತ್ತರ ಯಾರದಾದರೂ ಆಗಿರಲಿ, ಮೂರನೆಯದು ಬನಹಟ್ಟಿಯದು, ಮಾತಿಗೆ ಸರಿಯಾಗಿ ಕೂಡುವಂಥದು. ಇದು ಉಪಕಾರವೋ, ಸುಳ್ಳಿಗೆ ಕೊಟ್ಟ ಊರುಗೋಲೋ, ನನಗಿನ್ನೂ ತೀರ್ಮಾನವಾಗಿಲ್ಲ.

ಈಗ ಬೆಳಗಿನ ವಾಯ್ಸಿಗೆ ಬರುತ್ತೇನೆ. ಮಹಾದೇವಿಯ ದನಿ ಸ್ವಲ್ಪ ಗೊಗ್ಗರಾಗಿತ್ತು. “ಎಲ್ಲಾರೂ ಆರಾಮ ಅದೀರಿಲ್ಲ? ನಾವೂ ಆರಾಮ. ಸಕ್ಕರಿ ಫ್ಯಾಕ್ಟರಿ ಸುರು ಆತು, ನಮ್ಮ ಮನಿಯವರು ಬಾಡಗಂಡಿಗೆ ಡ್ಯೂಟಿಗೆ ಹೊಂಟಾರ. ಅತ್ತಿ ಮಣಕಾಲ ಹಂಗ ಅದಾವ. ಹುಡುಗಿಗೆ ಸಾಲ್ಯಾಗ ಓಡೂದ್ರಾಗ ಬಹುಮಾನ ಬಂತು.” ಆಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಹಿಂದೆ ಎಲ್ಲೋ ಕಬ್ಬಿನ ಟ್ರ್ಯಾಕ್ಟರು ಹಾದು ಹೋಗುವ ಸಪ್ಪಳ. “ಕಸ್ತೂರಿ, ಮಗ್ಗ ನಡದಾವೇನವಾ? ನಿನ್ನ ಸುದ್ದಿನ ಇಲ್ಲ. ನಿಂದೂ ಹೇಳು.”

ಎಲ್ಲರೂ ಕೇಳಿದ್ದಾರೆ. ಯಾರೂ ಏನೂ ಬರೆದಿಲ್ಲ. ಕರೆದದ್ದು ಕಸ್ತೂರಿಯನ್ನು, ಅವಳು ಹೇಳಲಿ ಎಂದು ಮರ್ಯಾದೆಯಿಂದ ಕಾಯುತ್ತಿದ್ದಾರೆ. ಬನಹಟ್ಟಿಯಲ್ಲಿ ಅವಳು, ಇಬ್ಬರು ಏನಾದರೂ ಬರೆಯಲಿ ಎಂದು ಕಾಯುತ್ತಿರುತ್ತಾಳೆ. ಎಂದಿನಂತೆ ಗಿಳಿಯಾಗಲು ಬೆರಳು ಎತ್ತಿದವಳು ಹಾಗೇ ಇಳಿಸಿದೆ. ಈ ಮಾತಿಗೆ ಮೂರನೆಯ ಉತ್ತರ ಸಲ್ಲುವುದಿಲ್ಲ.

ಕೈ ತೊಳೆದುಕೊಂಡು ಬಂದು, ಮಹಾದೇವಿ ಹೇಳಿದ್ದನ್ನು ಒಂದಕ್ಷರ ಬಿಡದೆ, ಅವಳು ನಡುವೆ ನಿಂತದ್ದನ್ನೂ ಸೇರಿಸಿ, ಕಸ್ತೂರಿಯೊಬ್ಬಳಿಗೇ ಬರೆದು ಕಳಿಸಿದೆ. ಕೊನೆಗೆ ನನ್ನದೂ ಎರಡು ಸಾಲು ಸೇರಿಸಿದೆ. ಅವಳು ಓದಿದ್ದಾಳೆ; ಎರಡೂ ಗೀಟು ನೀಲಿಯಾಗಿ ಬಹಳ ಹೊತ್ತಾಯಿತು. ನಾನು ಕೇಳಿದ್ದು ಇಷ್ಟೇ:

“ಈ ಸಲ ಮೊದಲ ನೀನ ಬರೀತೀಯೇನ, ಕಸ್ತೂರಿ? ಖರೇದ್ದ ಬರೀತೀಯೇನ?”