ಕೋಚಮ್ಮ ಮತ್ತು ನಾಲ್ಕನೆಯ ಸೀಟು

ಕೋಚಮ್ಮನ ಅಂಗೈ ತೆಂಗಿನ ಚಿಪ್ಪಿನಷ್ಟು ಒರಟು. ಮಗಳನ್ನು ಮೊದಲ ಸಲ ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಬಿಟ್ಟ ದಿನ ಆ ಕೈ ಅವಳ ಕೆನ್ನೆ ಸವರಿದ್ದು ಕಂಡು ತಡೆಯಲು ಒಂದು ಹೆಜ್ಜೆ ಮುಂದಿಟ್ಟಿದ್ದೆ. ಮಗು ಮಾತ್ರ ಅದೇ ಕೈ ಹಿಡಿದುಕೊಂಡು ಒಳಗೆ ಹೋಯಿತು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆ ಎತ್ತರದ ಹೆಂಗಸು ಒಲಿಂಪಿಕ್ಸ್ ಚಿನ್ನ ಗೆದ್ದವರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಬೇರೆಯವರ ಬಾಯಿಂದ. ಹುಟ್ಟಿದ್ದು ರೊಮೇನಿಯಾದ ಮೆಕ್ಕೆಜೋಳದ ಹಳ್ಳಿಯಲ್ಲಿ. ಉದ್ದನೆಯ ಹುಡುಗಿಯರನ್ನು ಹುಡುಕಿಕೊಂಡು ಬಂದ ತರಬೇತಿದಾರರು ಇವರನ್ನು ಶಾಲೆಯ ಗೋಡೆಗೆ ನಿಲ್ಲಿಸಿ ಅಳೆದು ಕರೆದೊಯ್ದರಂತೆ. ಅಲ್ಲಿಯವರೆಗೆ ಬಾವಿ ಬಿಟ್ಟರೆ ನೀರು ಕಂಡವರಲ್ಲ. ಎಂಟು ಜನರ ದೋಣಿಯಲ್ಲಿ ಲೋಕವನ್ನೇ ಗೆದ್ದು, ಕೊನೆಗೆ ಸ್ವೀಡನ್ನಿಗೆ, ನಮ್ಮ ಸುಂಡ್‌ಬೀಬರ್ಯ್ ಊರಿಗೆ ಬಂದು ಹಗಲು ಮಕ್ಕಳ ಮೂಗು ಒರೆಸುತ್ತಾ, ಸಂಜೆ ದೋಣಿ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಹುಟ್ಟು ಹಾಕಲು ಕಲಿಸುತ್ತಾ ಇದ್ದರು. ನಮ್ಮ ಮನೆಯಲ್ಲಿ ಅವರು ಕೋಚಮ್ಮ. ದೋಣಿ ತೊಳೆದು ಒರೆಸದೆ ಯಾರಿಗೂ ಫೀಕಾ, ಅಂದರೆ ಕಾಫಿ ತಿಂಡಿ, ಇಲ್ಲ, ಅಪ್ಪ ಅಮ್ಮಂದಿರಿಗೂ ಇಲ್ಲ. ಒಮ್ಮೆ ಅವಸರಪಟ್ಟು ಕಾಫಿ ಬಗ್ಗಿಸಿಕೊಳ್ಳಲು ಹೋದ ನನ್ನ ಕೈಗೂ ಒರೆಸುವ ಬಟ್ಟೆ ಬಂದಿತ್ತು.

ಮಗಳಿಗೆ ಹದಿನಾರಾದಾಗ ದೊಡ್ಡ ಪಂದ್ಯವೊಂದಕ್ಕೆ ನಾಲ್ವರ ದೋಣಿ ಕಟ್ಟಿದರು. ಒಂದೇ ಸೀಟು ಉಳಿದಿತ್ತು. ಅದಕ್ಕೆ ನನ್ನ ಮಗಳು, ಮತ್ತು ಅವಳ ಜೀವದ ಗೆಳತಿ. ಎರಡು ದೋಣಿಗಳನ್ನು ಅಕ್ಕಪಕ್ಕ ಓಡಿಸಿ, ನಡುವೆ ಈ ಇಬ್ಬರನ್ನು ಮಾತ್ರ ಅದಲುಬದಲು ಮಾಡಿ, ಯಾರು ಕೂತ ದೋಣಿ ಮುಂದೆ ಹೋಗುತ್ತದೋ ನೋಡುವುದು ಅವರ ಆಯ್ಕೆಯ ಕ್ರಮ. ಎರಡು ಸಲವೂ ನನ್ನ ಮಗಳ ದೋಣಿಯೇ ಹಿಂದೆ ಬಿತ್ತು. ಆದರೂ ನಗುನಗುತ್ತಾ ಇಳಿದು ಬಂದಳು.

ಕೋಚಮ್ಮ ನಗಲಿಲ್ಲ. ಹುಟ್ಟು ಎತ್ತಿದ ಕಡೆ ನೀರಿನಲ್ಲಿ ಸುಳಿ ಏಳುತ್ತದೆ, ಬಲ ಹಾಕಿ ಎಳೆದಷ್ಟೂ ದೊಡ್ಡದು. ಅವರು ಅಷ್ಟು ಹೊತ್ತು ನೋಡುತ್ತಿದ್ದುದು ಅದನ್ನೇ.

"ಬೇಕಂತಾನೇ ಬಿಟ್ಟುಕೊಟ್ಟೆ ಅಲ್ವಾ?"

"ಅವಳಿಗೆ ಆ ಸೀಟು ನನಗಿಂತ ಜಾಸ್ತಿ ಬೇಕು," ಎಂದಳು ಮಗಳು.

ನಾನು ಸುಮ್ಮನಿರಬೇಕಲ್ಲ, ಬಾಯಿ ಹಾಕಿದೆ. "ಹೋಗ್ಲಿ ಬಿಡಿ, ಒಳ್ಳೆ ಮನಸ್ಸಿಂದಾನೇ ಮಾಡಿದ್ದಾಳೆ."

ಅವರು ದಡದ ಹಲಗೆಯ ಮೇಲೆ ಕೂತರು. ತಮ್ಮ ಮುರುಕು ಸ್ವೀಡಿಷ್‌ನಲ್ಲಿ ಮಗಳಿಗೆ ಹೇಳಿದರು. "ನನ್ನ ಗೆಳತಿ ಮನಸ್ಸೂ ಒಳ್ಳೇದೇ. ನಮ್ಮ ಆಯ್ಕೆ ದಿನ ಅವಳ ಹುಟ್ಟಿನ ಸುಳಿ ಸಣ್ಣದಾಗಿತ್ತು. ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ಸೀಟು ಸಿಕ್ತು, ಚಿನ್ನಾನೂ ಸಿಕ್ತು. ಅದು ನನ್ನದೋ ಅವಳದೋ, ಇವತ್ತಿಗೂ ಗೊತ್ತಿಲ್ಲ. ನಿನ್ನ ಗೆಳತಿಗೆ ಇಂಥ ಭಿಕ್ಷೆ ಹಾಕಬೇಡ ಮಗಾ."

ಮತ್ತೆ ಓಡಿಸಿದರು. ಈ ಸಲ ಮಗಳು ಹಲ್ಲು ಕಚ್ಚಿ ಎಳೆದಳು. ಅವಳು ಅಷ್ಟು ಬಲ ಹಾಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆದರೂ ಗೆಳತಿಯೇ ಗೆದ್ದಳು, ಒಂದು ಮೊಳದ ಅಂತರದಲ್ಲಿ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಕೋಚಮ್ಮ ತಮ್ಮ ಕೋಟು ಬಿಚ್ಚಿ ಅವಳಿಗೆ ಹೊದಿಸಿ, ಗೆದ್ದ ಗೆಳತಿಗೆ, "ಈಗ ಆ ಸೀಟಲ್ಲಿ ನಿಶ್ಚಿಂತೆಯಾಗಿ ಕೂತ್ಕೋ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಸಿಕ್ಕದ ಸೀಟಿಗೆ ನನ್ನ ಮಗುವನ್ನು ಹೀಗೆ ಹಿಂಡಬೇಕಿತ್ತೇ ಎಂದು ವಾರವಿಡೀ ಗೊಣಗಿದೆ. ಭಾನುವಾರ ಹುಡುಗಿಯರಿಬ್ಬರೂ ನನ್ನ ಅಡುಗೆಮನೆಯಲ್ಲಿ ನೀರುದೋಸೆಗೆ ಕಿತ್ತಾಡುತ್ತಾ, ಆ ಮೊಳದ ಅಂತರದ ಮೇಲೆ ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು. ಅವರ ನಡುವೆ ಋಣವೂ ಇರಲಿಲ್ಲ, ಮುಲಾಜೂ ಇರಲಿಲ್ಲ. ಆಗ ನನ್ನ ಗೊಣಗಾಟ ನಿಂತಿತು.

ಈ ವಸಂತದಲ್ಲಿ ಕೋಚಮ್ಮ ಕಾಯಿಲೆಯಿಂದ ತೀರಿಕೊಂಡರು. ಅವರಿಗೆ ಇಲ್ಲಿ ಸ್ವಂತದವರೆಂದು ಯಾರೂ ಇರಲಿಲ್ಲ. ಶವಪೆಟ್ಟಿಗೆ ಹೊರುವವರು ಯಾರು ಎಂದು ಕ್ಲಬ್ಬಿನವರು ಕೇಳಿದಾಗ ಆ ಇಬ್ಬರು ಹುಡುಗಿಯರೂ ಒಟ್ಟಿಗೇ ಎದ್ದು ನಿಂತರು. ನಮ್ಮ ಕಡೆ ಹೆಣ್ಣುಮಕ್ಕಳು ಹೆಗಲು ಕೊಡುವುದಿಲ್ಲ. ಮಗಳು ನನ್ನನ್ನು ಕೇಳಲಿಲ್ಲ, ನಾನು ತಡೆಯಲೂ ಇಲ್ಲ.